ಬಾಯ್ಲರ್ ಸಾಹೇಬರು ತರಿಸಿದ ಇದ್ದಿಲು

ಆ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಟೆರೇಸಿಗೆ ಹೋಗಿ ಗೋಣಿಚೀಲದ ಹೊಲಿಗೆ ಬಿಚ್ಚಿದೆ. ಒಳಗೆ ಕಲ್ಲಿದ್ದಲು ಇತ್ತು.

ನಮಗೆ ಬೇಕಾಗಿದ್ದದ್ದು ಮರದ ಇದ್ದಿಲು. ಹನ್ನೊಂದೂಕಾಲಿಗೆ ಅಹಮದಾಬಾದಿನಿಂದ ಒಬ್ಬ ಹೋಟೆಲ್ ಯಜಮಾನರು ನಮ್ಮ ಮನೆಗೆ ಬರುವವರಿದ್ದರು. ನನ್ನ ಸೊಸೆ ಹೊಗೆಯಲ್ಲಿ ಬೇಯಿಸಿದ ಮೂರು ಪದಾರ್ಥಗಳನ್ನು ಅವರು ತಿಂದು ನೋಡಬೇಕಿತ್ತು. ರುಚಿಸಿದರೆ, ವಡೋದರಾದಲ್ಲಿ ಅವರು ತೆರೆಯಲಿದ್ದ ಹೊಸ ಹೋಟೆಲಿನ ಅಂಗಳದ ಒಂದು ಮೂಲೆ ಅವಳದಾಗುತ್ತಿತ್ತು. ರುಚಿಸದಿದ್ದರೆ ಸೋಮವಾರ ಅವರು ಇನ್ನೊಬ್ಬರ ಕೈರುಚಿ ನೋಡುವವರಿದ್ದರು. ಆರು ವರ್ಷ ನಮ್ಮ ಅಡುಗೆಮನೆಯಿಂದ ಟಿಫಿನ್ ಡಬ್ಬಿ ಕಳಿಸಿದವಳಿಗೆ ತನ್ನದೇ ಒಂದು ಒಲೆ ಸಿಗುವ ಅವಕಾಶ ಅದೊಂದೇ. ಇಂಧನದ ಹೊಣೆ ನನ್ನದು. ನಾನೇ ಕೇಳಿ ಪಡೆದದ್ದು.

ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಇಲ್ಲಿಗೆ, ವಡೋದರಾಕ್ಕೆ, ಬಂದವನು. ಒಂದು ಕಾರ್ಖಾನೆಯ ಬಾಯ್ಲರ್ ಹೌಸಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದೆ. ಗಂಟೆಗೊಮ್ಮೆ ನೀರಿನ ಮಟ್ಟ, ಒತ್ತಡ, ಚಿಮಣಿಯ ಬಣ್ಣ ನೋಡಿ ಪುಸ್ತಕದಲ್ಲಿ ಬರೆಯಬೇಕು. ಚಿಮಣಿಯಲ್ಲಿ ಹೊಗೆ ಕಂಡರೆ ಆ ಪಾಳಿಯವನು ಕಾರಣ ಬರೆದುಕೊಡಬೇಕು. ಹೊಗೆ ಎಂದರೆ ಅರ್ಧ ಉರಿದ ಇಂಧನ, ಅಂದರೆ ನಿಂತವನ ಅಜಾಗ್ರತೆ. ನನ್ನ ಪಾಳಿಯಲ್ಲಿ ಹೊಗೆ ಬಂದದ್ದು ಬಹಳ ಕಡಿಮೆ. ನಿವೃತ್ತಿಯ ನಂತರವೂ ಐದಕ್ಕೆ ಏಳುತ್ತೇನೆ, ಐದೂವರೆಗೆ ನಡಿಗೆ, ಆರಕ್ಕೆ ಕಾಫಿ. ಯಾವ ಸಾಮಾನು ಯಾವತ್ತು ಬಂತೆಂದು ಡೈರಿಯಲ್ಲಿ ಬರೆದಿಡುತ್ತೇನೆ. ಇದನ್ನು ಮನೆಯವರು ಸಹಿಸಿಕೊಂಡಿದ್ದಾರೆ.

ಸೊಸೆ ಸೂರತ್‌ನ ಕತಾರ್‌ಗಾಮ್‌ನವಳು. ಅವಳ ತಂದೆ ಅಲ್ಲಿ ವಜ್ರ ಸಾಣೆ ಹಿಡಿಯುವ ಕೆಲಸದಲ್ಲಿದ್ದರು. ಚಳಿಗಾಲದಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ಹೆದ್ದಾರಿ ಬದಿಯ ಅಂಗಡಿಗಳಿಗೆ ಹೋಗುತ್ತಿದ್ದರಂತೆ. ಅಲ್ಲಿ ಮಡಕೆಯೊಳಗೆ ಅವರೆ, ಗೆಣಸು, ಕಂದ ತುಂಬಿ, ಬಾಯಿಗೆ ಸೊಪ್ಪು ತುರುಕಿ, ಬೋರಲು ಹಾಕಿ ಸುತ್ತ ಬೆಂಕಿ ಒಟ್ಟುತ್ತಾರೆ. ಅದಕ್ಕೆ ಉಬಾಡಿಯು ಎಂದು ಹೆಸರು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಅವಳು ನನ್ನ ಹೆಂಡತಿಯಿಂದ ಸುಟ್ಟ ಬದನೆಯ ಮೊಸರು ಗೊಜ್ಜು ಕಲಿತಳು. ಎರಡನ್ನೂ ಕೂಡಿಸಬೇಕೆಂಬ ಹಟ ಅವಳದು. ಸುಡುವುದಲ್ಲ, ಹೊಗೆಯಲ್ಲೇ ನಿಧಾನಕ್ಕೆ ಬೇಯಿಸಬೇಕು: ಬದನೆ, ನೇರಳೆ ಬಣ್ಣದ ಕಂದ, ಪನೀರು.

ಅದಕ್ಕಾಗಿ ಅವಳೇ ಚಿತ್ರ ಬರೆದು, ಗೋರ್ವಾದ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಹೊಸ ಡ್ರಮ್ಮಿನಿಂದ ಒಂದು ಸ್ಮೋಕರ್ ಮಾಡಿಸಿದಳು. ಅಡಿಯಲ್ಲಿ ಗಾಳಿಗೆ ಎರಡು ಕಿಂಡಿ, ಮುಚ್ಚಳದಲ್ಲಿ ಒಂದು, ಅದರ ಪಕ್ಕ ಕಾವು ತೋರಿಸುವ ಮುಳ್ಳಿನ ಮಾಪಕ. ಕೆಳಗೆ ಇದ್ದಿಲಿನ ಬುಟ್ಟಿ, ನಡುವೆ ನೀರಿನ ತಟ್ಟೆ, ಮೇಲೆ ಜಾಲರಿ. ಶೆಡ್ಡಿನವನು ಸತು ಲೇಪಿಸಿದ ಜಾಲರಿ ಹಾಕಹೊರಟಿದ್ದ. ಕಾದರೆ ಅದರಿಂದ ವಿಷದ ಹೊಗೆ ಬರುತ್ತದೆಂದು ಹೇಳಿ ನಾನು ಸ್ಟೀಲಿನದನ್ನು ಹಾಕಿಸಿದೆ. ಒಳಗೆ ಎಣ್ಣೆ ಸವರಿ, ಏನೂ ಇಡದೆ ಎರಡು ಗಂಟೆ ಬರಿ ಬೆಂಕಿ ಹಾಕಿಸಿದ್ದೂ ನಾನೇ. ಅಲ್ಲಿಯವರೆಗೆ ನನ್ನಿಂದ ಉಪಕಾರವೇ ಆಗಿತ್ತು.

ಶುಕ್ರವಾರ ಮೊದಲ ಪರೀಕ್ಷೆ. ಅವಳು ಪೇಟೆಯಿಂದ ತಂದಿದ್ದ ಎರಡು ಪೊಟ್ಟಣ ಇದ್ದಿಲುಂಡೆ ಹಾಕಿದೆವು. ಇದ್ದಿಲ ಪುಡಿಗೆ ಗಂಜಿ ಬೆರೆಸಿ ಒತ್ತಿದ ಉಂಡೆಗಳು ಅವು. ಒಂದೇ ಅಳತೆ, ಒಂದೇ ಕಾವು, ಆದರೆ ಬೂದಿ ಬಹಳ. ಮುಕ್ಕಾಲು ಗಂಟೆಯಲ್ಲಿ ಬೂದಿ ಕಟ್ಟಿ ಬೆಂಕಿ ಮಂಕಾಯಿತು. ಹೊಗೆ ದಪ್ಪವಾಗಿ ಬೆಳ್ಳಗೆ ಬಂತು. ನನ್ನ ಕೈ ತಾನಾಗಿ ಹೋಗಿ ಎರಡೂ ಕಿಂಡಿಗಳನ್ನು ಪೂರ್ತಿ ತೆರೆಯಿತು. ಹೊಗೆ ನಿಂತಿತು. ಬೆಂಕಿ ಕೆಂಪಾಯಿತು. ಪನೀರು ನೀರು ಬಿಟ್ಟು ಅಂಚು ಕರಟಿತು.

ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು ಅಂದಳು: "ಪಪ್ಪಾ, ಇದು ಸ್ಮೋಕ್ ಅಲ್ಲ. ಇದು ರೋಸ್ಟ್."

"ಹೊಗೆ ಬರ್ತಾ ಇತ್ತಲ್ಲ ಅಂತ ತೆಗ್ದೆ."

"ಹೊಗೆ ಬೇಕು ಪಪ್ಪಾ! ಹೊಗೆಗಾಗಿಯೇ ಇದನ್ನ ಮಾಡ್ಸಿದ್ದು!"

ಅವಳ ಕನ್ನಡ ನನ್ನ ಹೆಂಡತಿಯಿಂದ ಬಂದದ್ದು. ಸಿಟ್ಟು ಬಂದಾಗ ಮಾತ್ರ ಪೂರ್ತಿ ವಾಕ್ಯ ಸರಿಯಾಗಿ ಬರುತ್ತದೆ.

ಮರುದಿನ ತಾನೇ ಹೋಗಿ ಮರದ ಇದ್ದಿಲು ನೋಡಿ ತರುತ್ತೇನೆಂದಳು. ನಾನು ಬೇಡವೆಂದೆ. "ಇಂಧನ ನನ್ನ ವಿಭಾಗ. ನೀನು ಅಡುಗೆ ನೋಡು." ಡೈರಿ ತೆಗೆದು, ಹಿಂದೆ ನಮ್ಮ ಬಾಯ್ಲರಿಗೆ ಮಾಲು ಹಾಕುತ್ತಿದ್ದ ವ್ಯಾಪಾರಿಗೆ ಫೋನ್ ಮಾಡಿದೆ. ಎಷ್ಟೋ ವರ್ಷಗಳ ನಂತರವೂ ಆತ ಧ್ವನಿ ಗುರುತಿಸಿದ.

"ಬಾಯ್ಲರ್ ಸಾಹೇಬ್! ಕೇಮ್ ಛೋ?"

ಚೆನ್ನಾಗಿದ್ದೇನೆ, ಮನೆಗೆ ಒಂದು ಚೀಲ ಕೋಲಸೊ ಕಳಿಸು ಎಂದೆ.

"ಏ ಜ ನೆ, ಸಾಹೇಬ್?" ಅದೇ ತಾನೆ ಎಂದು ಕೇಳಿದ.

"ಹಾ, ಏ ಜ," ಎಂದೆ. ಅದೇ.

ನನ್ನ ತಲೆಯಲ್ಲಿ ಇದ್ದದ್ದು ಇದ್ದಿಲು ಎಂಬ ಮಾತು. ಊರಿನಲ್ಲಿ ಇದ್ದಿಲು ಎಂದರೆ ಅಮ್ಮ ಒಲೆಯಿಂದ ತೆಗೆದು ನೀರು ಚಿಮುಕಿಸಿ ಡಬ್ಬದಲ್ಲಿಡುತ್ತಿದ್ದ ಮರದ ಕರಿ. ಇನ್ನೊಂದು ಯಾವಾಗಲೂ ಕಲ್ಲಿದ್ದಲು. ನಮಗೆ ಎರಡಕ್ಕೂ ಬೇರೆ ಬೇರೆ ಮಾತು. ಗುಜರಾತಿಯಲ್ಲಿ ಎರಡೂ ಕೋಲಸೊ. ಮುಂದೆ ಲಾಕಡಾನೊ ಎಂದು ಸೇರಿಸಿದರೆ ಮಾತ್ರ ಮರದ್ದು. ನಲವತ್ತೈದು ವರ್ಷ ಈ ಭಾಷೆ ಆಡಿದವನು ನಾನು, ಆ ಒಂದು ಮಾತು ಸೇರಿಸಲಿಲ್ಲ. ಬಾಯ್ಲರ್ ಸಾಹೇಬ ಕೋಲಸೊ ಕೇಳಿದರೆ ಆ ವ್ಯಾಪಾರಿ ಇನ್ನೇನು ಕಳಿಸುತ್ತಾನೆ?

ಶನಿವಾರ ಸಂಜೆ ಚೀಲ ಬಂತು. ಸೊಸೆ ಬಿಚ್ಚಿ ನೋಡೋಣವೆಂದಳು. ಇಂಧನಕ್ಕೆ ತೇವ ತಾಗಬಾರದು, ಬಳಸುವ ಹೊತ್ತಿಗೇ ಹೊಲಿಗೆ ಬಿಚ್ಚಬೇಕು, ಅದು ನಿಯಮ ಎಂದೆ. ಅವಳು ನನ್ನ ಮುಖ ನೋಡಿ ಕೆಳಗಿಳಿದಳು.

ಈಗ ಆ ಚೀಲದ ಮುಂದೆ ನಿಂತಿದ್ದೆ. ಒಂದು ತುಂಡು ಎತ್ತಿ ಮೂಸಿದೆ. ಗಂಧಕ. ಇದರ ಮೇಲೆ ಪನೀರು ಇಟ್ಟರೆ ತಿಂದವರ ಗಂಟಲು ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ. ಕೆಳಗೆ ಅಡುಗೆಮನೆಯಲ್ಲಿ ಅವಳು ಗುನುಗುತ್ತ ಕಂದಕ್ಕೆ ಉಪ್ಪು ಹಚ್ಚುತ್ತಿದ್ದದ್ದು ಕೇಳುತ್ತಿತ್ತು. ಗಡಿಯಾರ ನೋಡಿದೆ. ಆರು ಮೂವತ್ತಾರು. ವ್ಯಾಪಾರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಭಾನುವಾರ. ಆರು ನಲವತ್ತರವರೆಗೆ ಅಲ್ಲೇ ನಿಂತಿದ್ದೆ. ವ್ಯಾಪಾರಿ ತಪ್ಪು ಮಾಲು ಕಳಿಸಿದ ಎಂದು ಹೇಳಬಹುದಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿಯೂ ನೋಡಿದೆ. ನಂತರ ಕೆಳಗಿಳಿದೆ.

"ಬಂದದ್ದು ಕಲ್ಲಿದ್ದಲು. ನಾನು ಹೇಳಿದ್ದು ತಪ್ಪಾಯ್ತು."

ಅವಳ ಕೈ ನಿಂತಿತು. ನನ್ನ ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದವಳು ತಿರುಗಿದಳು.

"ಎಂತದು?"

"ಕೋಲಸೊ ಅಂತ ಮಾತ್ರ ಹೇಳಿದೆ. ಮರದ್ದು ಅಂತ ಹೇಳ್ಲಿಲ್ಲ."

"ಜೀವಮಾನ ಇಡೀ ಬೆಂಕಿ ಎದುರು ನಿಂತವ್ರು ನೀವು, ಒಂದು ಚೀಲ ಇದ್ದಿಲು ತರ್ಸ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ? ನಿನ್ನೆ ಆ ಹುಡುಗಿ ಬಿಚ್ಚಿ ನೋಡುವ ಅಂತ ಹೇಳಿದ್ಲಲ್ಲ! ನಿಮ್ದೊಂದು ನಿಯಮ!"

ಸೊಸೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಕೈ ಒರೆಸಿಕೊಂಡು ಕೇಳಿದಳು: "ಎಷ್ಟು ಬೇಕು ಪಪ್ಪಾ? ಕಿಲೋ ಲೆಕ್ಕ ಹೇಳಿ."

"ನಾಲ್ಕು. ಎಂಟರೊಳಗೆ ಬೆಂಕಿ ಹಿಡೀಬೇಕು. ಕಂದಕ್ಕೆ ಎರಡು ಗಂಟೆ ಬೇಕಲ್ಲ."

"ಹಾಗಾದ್ರೆ ತನ್ನಿ," ಎಂದಳು. ಅಷ್ಟೇ. ಮಗ ಆ ವಾರ ಸೂರತ್‌ನಲ್ಲಿ ಡ್ಯೂಟಿಯ ಮೇಲಿದ್ದ. ಹೋಗಬೇಕಾದವನು ನಾನೇ.

ನಮ್ಮ ಸೊಸೈಟಿಯ ಗೇಟಿನ ಹೊರಗೆ ಬೇವಿನ ಕೆಳಗೆ ಇಸ್ತ್ರಿಯವನ ಗಾಡಿ ಇದೆ. ಉತ್ತರ ಪ್ರದೇಶದವನು, ನನ್ನ ಮಗನ ವಯಸ್ಸು. ಇಂದಿಗೂ ಇದ್ದಿಲು ತುಂಬುವ ಹಿತ್ತಾಳೆ ಪೆಟ್ಟಿಗೆಯಲ್ಲೇ ಬಟ್ಟೆ ಉಜ್ಜುತ್ತಾನೆ. ನನ್ನ ಪ್ಯಾಂಟಿನ ಗೆರೆ ನೇರವಾಗಿಲ್ಲವೆಂದು ವಾರಕ್ಕೊಮ್ಮೆ ಅವನ ಜೊತೆ ವಾದ ಮಾಡುವವನು ನಾನು. ಅವನು ಆಗ ತಾನೇ ಪೆಟ್ಟಿಗೆಗೆ ಕೆಂಡ ಹಾಕಿ ಬೀಸುತ್ತಿದ್ದ. ಕೋಯ್ಲಾ ಬೇಕಿತ್ತು ಎಂದೆ.

"ಕೌನ್ ಸಾ ಬಾಬೂಜಿ? ಲಕಡೀ ಕಾ ಯಾ ಪತ್ಥರ್ ಕಾ?"

ಮರದ್ದೋ ಕಲ್ಲಿನದೋ. ಏನನ್ನೂ ಯೋಚಿಸದೆ, ಬೀಸುವುದನ್ನು ನಿಲ್ಲಿಸದೆ ಕೇಳಿದ. ನನ್ನ ಕಿವಿ ಬಿಸಿಯಾಯಿತು.

"ಲಕಡೀ ಕಾ," ಎಂದೆ. ಈ ಸಲ ಸ್ಪಷ್ಟವಾಗಿ.

ಅವನು ಗಾಡಿಯ ಕೆಳಗಿನಿಂದ ಚೀಲ ಎಳೆದ. ಒಂದು ತುಂಡನ್ನು ಇನ್ನೊಂದಕ್ಕೆ ಬಡಿದು ತೋರಿಸಿದ. ಗಾಜಿನಂತೆ ಟಿಣ್ ಎಂದಿತು. ಕಚ್ಛ್ ಕಡೆಯಿಂದ ಬರುವ ಗಾಂಡೊ ಬಾವಳ್ ಮರದ ಇದ್ದಿಲು ಎಂದ. ಗಾಂಡೊ ಬಾವಳ್ ಎಂದರೆ ಹುಚ್ಚು ಜಾಲಿ, ನಮ್ಮಲ್ಲಿ ಬಳ್ಳಾರಿ ಜಾಲಿ ಎನ್ನುವ ಅದೇ ಮುಳ್ಳುಗಿಡ. ದಪ್ ಎಂದು ಸದ್ದಾದರೆ ಪೂರ್ತಿ ಬೆಂದಿಲ್ಲ ಅಥವಾ ತೇವ ಇದೆ, ಅಂಥದ್ದು ಬಟ್ಟೆಗೆ ವಾಸನೆ ಹಿಡಿಸುತ್ತದೆ ಎಂದ. ಇಷ್ಟು ವರ್ಷ ಗೆರೆ ಅಳೆಯುತ್ತ ಇದೇ ಗಾಡಿಯ ಮುಂದೆ ನಿಂತಿದ್ದೆ. ಇದನ್ನು ಕೇಳಿರಲಿಲ್ಲ.

"ಪೂರಾ ನಹೀಂ ದೇ ಸಕ್ತಾ. ಆಧಾ ಲೇ ಜಾಯಿಯೇ," ಎಂದ. ಎಲ್ಲ ಕೊಡಲಾಗದು, ಚೀಲದಲ್ಲಿರುವುದರಲ್ಲಿ ಅರ್ಧ ಒಯ್ಯಿರಿ ಎಂದರ್ಥ. ನಂತರ ನಕ್ಕ. "ಲೇಕಿನ್ ಏಕ್ ಮಹೀನಾ ಕ್ರೀಸ್ ಮತ್ ನಾಪಿಯೇಗಾ!"

ತಿಂಗಳು ಗೆರೆ ಅಳೆಯುವುದಿಲ್ಲವೆಂದು ಮಾತು ಕೊಟ್ಟೆ. ಅವನು ಕೊಟ್ಟದ್ದು ಸುಮಾರು ಎರಡೂವರೆ ಕಿಲೋ. ಇನ್ನೂ ಒಂದೂವರೆ ಬೇಕು. ಗಂಟೆ ಏಳೂ ಐದು.

ಮನೆಗೆ ಬಂದರೆ ಹೆಂಡತಿ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ ಎರಡು ಮೂಟೆ ಎಳೆದು ಹಾಕಿದ್ದಳು. ತೆಂಗಿನ ಗೆರಟೆ, ಕಾಯಿಯ ಚಿಪ್ಪು. ಊರಿನಲ್ಲಿ ಗೆರಟೆ ಬಿಸಾಡುವ ಪದ್ಧತಿ ಇಲ್ಲ, ಬಚ್ಚಲೊಲೆಗೆ ಬೇಕಾಗುತ್ತದೆ. ಇಲ್ಲಿ ಬಚ್ಚಲೊಲೆಯೇ ಇಲ್ಲ. ಆದರೂ ಅವಳು ಕೂಡಿಡುತ್ತಿದ್ದಳು. ಕಸ ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

"ಇದಾಗ್ತದಾ?" ಎಂದಳು. ಆ ಪ್ರಶ್ನೆಯಲ್ಲಿ ಸ್ವಲ್ಪ ಚುಚ್ಚು ಇತ್ತು.

ಹಾಗೇ ಹಾಕಿದರೆ ಆಗುವುದಿಲ್ಲ. ಇದ್ದಿಲಾಗದ ಗೆರಟೆ ಉರಿದರೆ ಎಣ್ಣೆಯಂಥ ಕಪ್ಪು ಹೊಗೆ ಬಂದು ತಿನಿಸು ಕಹಿಯಾಗುತ್ತದೆ. ಮೊದಲು ಅದನ್ನು ಇದ್ದಿಲು ಮಾಡಿಕೊಳ್ಳಬೇಕು. ಹಳೆಯ ಎಣ್ಣೆ ಡಬ್ಬದಲ್ಲಿ ಗೆರಟೆ ಚೂರುಗಳನ್ನು ಒತ್ತಾಗಿ ತುಂಬಿ, ಮುಚ್ಚಳದಲ್ಲಿ ಮೊಳೆಯಿಂದ ಒಂದೇ ತೂತು ಮಾಡಿ, ಸುತ್ತ ಉಳಿದ ಗೆರಟೆ ಹೊತ್ತಿಸಿದೆ. ತೂತಿನಿಂದ ಹಳದಿ ಹೊಗೆ ಕಂಬದಂತೆ ಎದ್ದಿತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಬಂದವರು ಗೋಡೆಯ ಆಚೆಯಿಂದ ಕೂಗಿದರು.

"ಅರೇ ಅಂಕಲ್, ಶುಂ ಬಳೇ ಛೇ? ಫೈರ್ ಬ್ರಿಗೇಡ್ ಬೋಲಾವುಂ?"

ಏನು ಉರಿಯುತ್ತಿದೆ, ಅಗ್ನಿಶಾಮಕದವರನ್ನು ಕರೆಯಲೇ ಎಂದು ಅವರ ಪ್ರಶ್ನೆ. ತಮಾಷೆಯೋ ನಿಜವೋ ತಿಳಿಯಲಿಲ್ಲ. ಸೊಸೆ ಮೆಟ್ಟಿಲಿನಿಂದಲೇ ಕೈಮುಗಿದು, ಅರ್ಧ ಗಂಟೆ ಬಟ್ಟೆ ಹಾಕಬೇಡಿ, ಪನೀರು ಕಳಿಸುತ್ತೇನೆ ಎಂದು ಅವರನ್ನು ಸಮಾಧಾನ ಮಾಡಿದಳು.

ಹಳದಿ ಹೊಗೆ ಬೆಳ್ಳಗಾಗಿ, ತೆಳುವಾಗಿ, ಕೊನೆಗೆ ನಿಂತಾಗ ಎಂಟಾಗಿತ್ತು. ತೂತಿಗೆ ಮಣ್ಣು ಮೆತ್ತಿ ಡಬ್ಬ ತಣಿಯಲು ಬಿಟ್ಟೆ. ಬಿಸಿಯಿದ್ದಾಗ ತೆರೆದರೆ ಗಾಳಿ ತಾಗಿ ಎಲ್ಲವೂ ಬೂದಿ. ಅಷ್ಟರಲ್ಲಿ ಇಸ್ತ್ರಿಯವನ ಇದ್ದಿಲಿನ ಹೆಚ್ಚಿನ ಪಾಲನ್ನು ಹಾಗೇ ಬುಟ್ಟಿಯಲ್ಲಿ ಹರಡಿ, ಎರಡು ಬೊಗಸೆಯಷ್ಟನ್ನು ಮಾತ್ರ ತಳದಲ್ಲಿ ತೂತು ಹೊಡೆದ ಇನ್ನೊಂದು ಡಬ್ಬಿಯಲ್ಲಿ ಹೊತ್ತಿಸಿ, ಬೂದಿ ಕವಿದ ಮೇಲೆ ಬುಟ್ಟಿಯ ಇದ್ದಿಲಿನ ತಲೆಯ ಮೇಲೆ ಸುರಿದೆವು. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬೆಂಕಿ ಇಳಿಯಬೇಕೆಂಬುದು ಸೊಸೆಯ ಲೆಕ್ಕ. ಬಾಯ್ಲರಿನಲ್ಲಿ ಹಾಗೆ ಮಾಡುವುದಿಲ್ಲ. ಆದರೂ ಅವಳ ಲೆಕ್ಕದಂತೆಯೇ ಮಾಡಿದೆ. ಸೊಸೈಟಿಯ ಮಾವಿನ ಮರ ಕಡಿದಾಗ ಎತ್ತಿಟ್ಟಿದ್ದ ಒಣ ಕೊಂಬೆಯ ಎರಡು ತುಂಡು ನಡುವೆ ಹುಗಿದಳು. ಇದ್ದಿಲು ಕಾವಿಗೆ, ಮಾವು ಘಮಕ್ಕೆ.

ಎಂಟೂ ಮುಕ್ಕಾಲು. ಮುಚ್ಚಳದಿಂದ ಬಿಳಿ ಹೊಗೆ ದಪ್ಪವಾಗಿ ಬರುತ್ತಿತ್ತು. ನಾನು ಕಂದ ಇಡೋಣವೆಂದೆ, ತಡವಾಗುತ್ತಿದೆಯಲ್ಲ.

"ಇಲ್ಲ. ಈ ಹೊಗೆ ಕಹಿ. ತೆಳು ಆಗ್ಬೇಕು."

ಒಂಬತ್ತು ಆಯಿತು. ಒಂಬತ್ತೂ ಐದು. ಹೊಗೆ ತೆಳುವಾಗುತ್ತ ಆಕಾಶದ ಎದುರು ನೀಲಿಯಾಗಿ, ಇದೆಯೋ ಇಲ್ಲವೋ ಎಂಬಂತಾಯಿತು. ಆಗ ಅವಳು ಕಂದ ಇಟ್ಟಳು. ನಾನು ಪುಸ್ತಕ ತೆಗೆದು ಬರೆದೆ: ಒಂಬತ್ತೂ ಹತ್ತು, ನೂರ ಹದಿನೈದು ಡಿಗ್ರಿ. ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತ ಹೋದೆ. ಒಂಬತ್ತೂವರೆಗೆ ಬದನೆ.

ಹತ್ತಕ್ಕೆ ಕಾವು ನೂರಕ್ಕೆ ಇಳಿಯಿತು. ಡಬ್ಬ ತೆರೆದು ಗೆರಟೆಯ ಇದ್ದಿಲು ಹಾಕಿದೆವು. ಅದು ತೆಳು, ಒಣ. ಸರ್ರನೆ ಹಿಡಿಯಿತು. ಮುಳ್ಳು ಏರತೊಡಗಿತು. ನೂರಮೂವತ್ತು, ನೂರೈವತ್ತು, ನೂರ ಎಪ್ಪತ್ತು. ಎದ್ದ ಹೊಗೆಯೂ ಕಪ್ಪು. ನನ್ನ ಕೈ ಮತ್ತೆ ಕಿಂಡಿಯ ಕಡೆಗೆ ಹೊರಟಿತು.

"ಪಪ್ಪಾ, ಹಾಥ್ ನಾ ಲಗಾಡೊ!"

ಮುಟ್ಟಬೇಡಿ ಎಂದಳು. ಕೈ ಹಿಂದೆ ಎಳೆದುಕೊಂಡೆ. ಅವಳು ಕೆಳಗಿನ ಒಂದು ಕಿಂಡಿಯನ್ನು ಪೂರ್ತಿ ಮುಚ್ಚಿ, ಇನ್ನೊಂದನ್ನು ಬೆರಳಿನಷ್ಟು ಬಿಟ್ಟಳು. ನನಗೆ ಗೊತ್ತಿದ್ದ ಎಲ್ಲದಕ್ಕೂ ವಿರುದ್ಧ. ಹೊಗೆ ಬರುವಾಗ ಗಾಳಿ ಕಡಿಮೆ ಮಾಡುವುದೇ? ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಳ್ಳನ್ನೇ ನೋಡುತ್ತ ನಿಂತೆ. ಒಂದು ನಿಮಿಷ ಅದು ಅಲುಗಲಿಲ್ಲ. ಬದನೆಯ ಸಿಪ್ಪೆ ಒಡೆದ ಸದ್ದು ಬಂತು.

"ಎಷ್ಟು ಹೊತ್ತಲ್ಲಿ ಇಳೀತದೆ? ಬುಕ್‌ನಲ್ಲಿ ನೋಡಿ," ಎಂದಳು.

ಪುಸ್ತಕ ನೋಡಿದೆ. ಬದನೆ ಇಟ್ಟ ಮೇಲೆ ಅವಳು ಕಿಂಡಿ ಸ್ವಲ್ಪ ಕಿರಿದು ಮಾಡಿದ್ದಾಗ ಕಾವು ಇಳಿಯಲು ಎಂಟು ನಿಮಿಷ ಹಿಡಿದಿತ್ತು. "ಎಂಟು," ಎಂದೆ. ಅವಳು ಮುಚ್ಚಳಕ್ಕೆ ಒದ್ದೆ ಗೋಣಿ ಹೊದಿಸಿ ಕಾದಳು. ಏಳನೆಯ ನಿಮಿಷಕ್ಕೆ ಮುಳ್ಳು ನೂರ ಇಪ್ಪತ್ತೈದಕ್ಕೆ ಬಂತು, ಹೊಗೆ ನೀಲಿಯಾಯಿತು. ಹತ್ತೂವರೆಗೆ ಪನೀರು ಇಟ್ಟಳು.

ಯಜಮಾನರು ಹನ್ನೊಂದಕ್ಕೇ ಬಂದರು. ಬಿಳಿ ಪ್ಯಾಂಟು, ಬಿಳಿ ಅಂಗಿ. ಮೂಲ ನಮ್ಮ ಕಡೆಯವರೇ. ಕಾಫಿ ಬೇಡವೆಂದು ನೇರ ಟೆರೇಸಿಗೆ ಬಂದರು. ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದ ಕಲ್ಲಿದ್ದಲಿನ ಚೀಲ. ಗಡಿಬಿಡಿಯಲ್ಲಿ ಅದನ್ನು ಯಾರೂ ಸರಿಸಿರಲಿಲ್ಲ.

"ಇದೆಂತದು? ಇದ್ರಲ್ಲಿ ಮಾಡಿದ್ದಾ?" ಮುಖ ಗಂಟಿಕ್ಕಿತು. "ಹಾಗಿದ್ರೆ ನಾನು ತಿನ್ನುದಿಲ್ಲ ಮಾರಾಯ್ರೆ."

ಸೊಸೆ ಬಾಯಿ ತೆರೆದಳು. ಅವಳು ಏನಾದರೂ ಹೇಳಿ ನನ್ನನ್ನು ಕಾಪಾಡುವವಳಿದ್ದಳು. ಅದಕ್ಕೆ ಬಿಡಲಿಲ್ಲ.

"ಅದು ನನ್ನ ತಪ್ಪು," ಎಂದೆ. "ಕೋಲಸೊ ಅಂದೆ, ಲಾಕಡಾನೊ ಅನ್ನಲಿಲ್ಲ. ಬೆಳಿಗ್ಗೆ ಬಿಚ್ಚಿದ ಮೇಲೆ ಗೊತ್ತಾಯ್ತು. ಒಂದು ತುಂಡೂ ಬಳಸ್ಲಿಲ್ಲ. ಇವಳಿಗೆ ಇದರಲ್ಲಿ ಸಂಬಂಧ ಇಲ್ಲ."

ಅವರು ಸೊಸೆಯ ಕಡೆ ತಿರುಗಿದರು. "ಮತ್ತೆ ಯಾವ್ದ್ರಲ್ಲಿ ಮಾಡಿದ್ದು?" ಎಂದು ಅವಳನ್ನು ಕೇಳಿದರು.

"ಅರ್ಧ ಇಸ್ತ್ರಿವಾಲಾನ ಇದ್ದಿಲು, ಅರ್ಧ ಮಮ್ಮಿಯ ಗೆರಟೆ," ಎಂದಳು.

ಅವರಿಗೆ ನಗು ಬಂತು, ತಡೆದುಕೊಂಡರು. ಅವಳು ತಟ್ಟೆ ಇಟ್ಟಳು. ಪನೀರು ಹೊಂಬಣ್ಣಕ್ಕೆ ತಿರುಗಿತ್ತು. ಅವರು ಒಂದು ತುಂಡು ತಿಂದು ತಟ್ಟೆ ತಿರುಗಿಸಿದರು. ಕಂದ ತಿಂದು, "ನಡು ಸ್ವಲ್ಪ ಗಟ್ಟಿ," ಎಂದರು. ಹೌದು, ಎರಡು ಗಂಟೆಯೂ ಸಿಕ್ಕಿರಲಿಲ್ಲ ಅದಕ್ಕೆ. ಬದನೆಯ ಗೊಜ್ಜನ್ನು ಬೆರಳಿನಲ್ಲಿ ನೆಕ್ಕಿದರು. ಮತ್ತೊಮ್ಮೆ ಹಾಕಿಸಿಕೊಂಡರು. ನನ್ನ ಹೆಂಡತಿ ಸೆರಗಿನ ಅಂಚನ್ನು ಹಿಂಡುತ್ತಿದ್ದಳು.

"ಗೊಜ್ಜು ಒಳ್ಳೇದುಂಟು. ಆದ್ರೆ ನನ್ನ ಪ್ರಶ್ನೆ ಬೇರೆ," ಎಂದರು. "ಹೋಟೆಲು ದಿನಾ ನಡೀಬೇಕು. ದಿನಾ ಇಸ್ತ್ರಿಯವ ಸಿಗ್ತಾನಾ? ದಿನಾ ಯಾವ ಇದ್ದಿಲು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಕಚ್ಚಿಕೊಂಡೆ.

ಅವಳು ಕನ್ನಡದಲ್ಲೇ ಹೇಳಿದಳು, ತಡವರಿಸುತ್ತ. ಗಾಂಡೊ ಬಾವಳ್‌ದು ಕಾವಿಗೆ. ಹೊಡೆದರೆ ಟಿಣ್ ಅನ್ನಬೇಕು. ಗೆರಟೆ ಬೇಗ ಹಿಡಿಯುತ್ತದೆ, ಜಾಸ್ತಿ ಹಾಕಿದರೆ ಕಾವು ಮೇಲೆ ಹಾರುತ್ತದೆ, ನಾಲ್ಕರಲ್ಲಿ ಒಂದು ಪಾಲು ಸಾಕು. ನಿಮ್ಮ ಹೋಟೆಲಿನಲ್ಲಿ ಚಟ್ನಿಗೆ ದಿನಾ ತೆಂಗಿನಕಾಯಿ ಒಡೆಯುತ್ತೀರಲ್ಲ, ಆ ಗೆರಟೆ ನನಗೆ ಕೊಡಿ. ಉಂಡೆ ಬೇಡ, ಬೂದಿ.

"ಗೆರಟೆ ನಾನು ಕಸದವನಿಗೆ ಕೊಡ್ತಾ ಇದ್ದೇನೆ," ಎಂದರು ಅವರು, ತಮಗೇ ಹೇಳಿಕೊಂಡಂತೆ. ಕೈ ತೊಳೆದುಕೊಂಡರು. "ಸೋಮವಾರ ಬರುವವರಿಗೆ ಬೇಡ ಅಂತ ಹೇಳ್ತೇನೆ. ಒಂದು ತಿಂಗಳು ನೋಡುವ. ಕಂದ ಪೂರ್ತಿ ಬೇಯ್ಬೇಕು. ಮತ್ತೊಂದು ಷರತ್ತು: ಇದ್ದಿಲು ನೀನೇ ನೋಡಿ ತರ್ಬೇಕು. ಇವ್ರು ಫೋನ್ ಮಾಡುದು ಬೇಡ."

"ನಾನೂ ಅದನ್ನೇ ಹೇಳುದು!" ಎಂದಳು ನನ್ನ ಹೆಂಡತಿ. ಆಮೇಲೆ ಎಲ್ಲರೂ ನಕ್ಕರು. ಅಂಗಿ ಬೆನ್ನಿಗೆ ಅಂಟಿಕೊಂಡಿದ್ದದ್ದು ನನಗೆ ಆಗ ಗೊತ್ತಾಯಿತು.

ಮಂಗಳವಾರ ಸೊಸೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇದ್ದಿಲಿನ ವಖಾರಿಗೆ ಹೋದಳು. ದಾರಿಯಲ್ಲಿ ಹೇಳಿದಳು: "ಪಪ್ಪಾ, ನೀವು ಮಾತಾಡ್ಬೇಡಿ. ಎತ್ತಿ ಕೊಡಿ ಅಷ್ಟೆ." ವಖಾರಿಯಲ್ಲಿ ಅವಳು ಮೊದಲು ಲಾಕಡಾನೊ ಎಂಬ ಮಾತನ್ನು ಒತ್ತಿ ಕೋಲಸೊ ಕೇಳಿದಳು. ನಂತರ ಚೀಲವನ್ನು ಅಲ್ಲೇ, ನಮ್ಮ ಎದುರೇ, ಬಿಚ್ಚಿಸಿದಳು. ತುಂಡುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ನಾನು ಬಡಿದೆ, ಕಿವಿಗೆ ಹಿಡಿದೆ, ಟಿಣ್ ಎಂದದ್ದನ್ನು ಎಡಕ್ಕೆ ಹಾಕಿದೆ, ದಪ್ ಎಂದದ್ದನ್ನು ಬಲಕ್ಕೆ. ವಖಾರಿಯವನು ಕುರ್ಚಿಯಿಂದ ಕೇಳಿದ, ಈ ಕಾಕಾ ಏನು ಮಾಡುತ್ತಿದ್ದಾರೆ?

"ಚೆಕಿಂಗ್," ಎಂದಳು ಅವಳು. ಇನ್ನೊಂದು ತುಂಡು ಕೊಟ್ಟಳು.